ಹತ್ತರವರೆಗೆ ಎಣಿಸುವ ಕಲ್ಲು

ಮಗಳು ಕಲ್ಲಿನ ಮೇಲೆ ನಿಂತು ಮೂರು ಎಣಿಸುವಷ್ಟರಲ್ಲಿ ಜಿಗಿದಳೆಂದರೆ ನನ್ನ ವ್ಯಾಪಾರ ಅವತ್ತಿಗೆ ಮುಗಿದ ಹಾಗೆಯೇ. ಕಲ್ಲು ಇರುವುದು ನಮ್ಮ ಬೀದಿಯ ಮೂಲೆಯಲ್ಲಿ, ನನ್ನ ಇಸ್ತ್ರಿ ಅಂಗಡಿಯ ಎದುರಿಗೇ. ಮಂಚದಷ್ಟು ಅಗಲದ ಕರಿಗಲ್ಲು, ಪಕ್ಕದಲ್ಲಿ ಕಬ್ಬಿಣದ ಕಂಬ, ಕಂಬಕ್ಕೊಂದು ಗಂಟೆ. ನಮ್ಮೂರಿನ ಎಲ್ಲ ಬೀದಿಗಳಲ್ಲೂ ಹೀಗೇ. ಬೆಳಿಗ್ಗೆ ಹನ್ನೊಂದಕ್ಕೆ ಬೀದಿಯ ಮಕ್ಕಳಲ್ಲೊಬ್ಬರು ಬರಿಗಾಲಲ್ಲಿ ಕಲ್ಲಿನ ಮೇಲೆ ನಿಂತು ಹತ್ತರವರೆಗೆ ಎಣಿಸಬೇಕು. ಹತ್ತು ಮುಟ್ಟಿದರೆ ಸರಿ, ಊರು ತನ್ನ ಪಾಡಿಗೆ ತಾನು ನಡೆಯುತ್ತದೆ. ಮುಟ್ಟದೆ ಜಿಗಿದರೆ ಗಂಟೆ ಬಾರಿಸಬೇಕು. ಗಂಟೆ ಕೇಳಿದ ದೊಡ್ಡವರೆಲ್ಲ ಕೈಲಿದ್ದ ಕೆಲಸ ಬಿಟ್ಟು ನೆರಳಿಗೆ ಹೋಗಿ ಕೂರಬೇಕು. ಆ ಮಗು ಮತ್ತೆ ಬಂದು ಕಲ್ಲಿನ ಮೇಲೆ ನಿಂತು ಹತ್ತು ಎಣಿಸುವ ತನಕ ಏಳುವಂತಿಲ್ಲ.

ಯಾಕೆಂದರೆ ದೊಡ್ಡವರಿಗೆ ಬಿಸಿ ಗೊತ್ತಾಗುವುದಿಲ್ಲ. ಹದಿನೆಂಟು ತುಂಬಿದ ದಿನ ಬಿಸಿ ಮೈಬಿಟ್ಟು ಹೋಗುತ್ತದೆ. ಅದಕ್ಕೆ ನಾವು ತಣಿಯುವುದು ಎನ್ನುತ್ತೇವೆ. ಹುಟ್ಟುಹಬ್ಬದ ಮಧ್ಯಾಹ್ನ ಹುಡುಗನೋ ಹುಡುಗಿಯೋ ಹೊಸ ಬಟ್ಟೆ ತೊಟ್ಟು ಕಲ್ಲಿನ ಮೇಲೆ ನಿಂತು ನಿಧಾನವಾಗಿ ಹತ್ತು ಎಣಿಸಿದರೆ ಬೀದಿಯೆಲ್ಲ ಚಪ್ಪಾಳೆ ತಟ್ಟಿ ಸಿಹಿ ತಿನ್ನುತ್ತದೆ. ಅಲ್ಲಿಂದ ಮುಂದೆ ಕುದಿಯುವ ಸಾರಿನ ಪಾತ್ರೆಯನ್ನು ಬರಿಗೈಲಿ ಇಳಿಸಬಹುದು. ಇಳಿಸಬಹುದು ಅಷ್ಟೇ, ಕೈ ಸುಡುವುದಂತೂ ಸುಡುತ್ತದೆ. ಬೊಬ್ಬೆ ಎದ್ದ ಮೇಲೆ ನೋವು ಬರುತ್ತದೆ, ಆದರೆ ಅಷ್ಟು ಹೊತ್ತಿಗೆ ಬಂದು ಏನು ಪ್ರಯೋಜನ? ಮೊಣಕೈವರೆಗೆ ಕಲೆಗಳಿರುವ ನನ್ನ ಎರಡು ಕೈಗಳನ್ನು ನೋಡಿದರೆ ಇಪ್ಪತ್ತೈದು ವರ್ಷದಿಂದ ಇಸ್ತ್ರಿ ಮಾಡುತ್ತಿದ್ದೇನೆಂದು ಯಾರಾದರೂ ಹೇಳಿಯಾರು. ಪೆಟ್ಟಿಗೆ ಕಾದಿದೆಯೋ ಇಲ್ಲವೋ ಎಂದು ನೀರು ಚಿಮುಕಿಸಿ, ಚುರ್ ಎನ್ನುವ ಸದ್ದು ಕೇಳಿ ತಿಳಿಯುತ್ತೇನೆ. ರೇಷ್ಮೆಗೆ ಮಾತ್ರ ಅದು ಸಾಲದು. ರೇಷ್ಮೆ ಸೀರೆಗಳನ್ನು ಸಂಜೆಗೆ ಎತ್ತಿಟ್ಟು, ಮಧ್ಯಾಹ್ನದ ಕಾಲೇಜಿನಿಂದ ಬಂದ ಮಗಳ ಅಂಗೈ ಹತ್ತಿರ ಪೆಟ್ಟಿಗೆ ಹಿಡಿದು "ಈಗಲಾ?" ಎಂದು ಕೇಳುತ್ತಿದ್ದೆ. ಅವಳು "ಇನ್ನೂ ಸ್ವಲ್ಪ ಇಳೀಲಿ" ಎಂದರೆ ಕಾಯುತ್ತಿದ್ದೆ. ಆ ಒಂದು ವಿಷಯದಲ್ಲಿ ಅವಳ ಮಾತನ್ನು ಯಾವತ್ತೂ ಅನುಮಾನಿಸಲಿಲ್ಲ.

ನಾನು ಸಣ್ಣವಳಿದ್ದಾಗ ಗಂಟೆ ವರ್ಷಕ್ಕೆ ಹತ್ತು ದಿನ ಬಾರಿಸಿದರೆ ಹೆಚ್ಚು. ನಾನೇ ಈ ಕಲ್ಲಿನ ಮೇಲೆ ನಿಂತವಳು. ಬೇಸಿಗೆಯ ನಡುಮಧ್ಯದ ಆ ಹತ್ತು ದಿನ ಊರಿಗೆ ಒಂಥರಾ ರಜೆ. ದೊಡ್ಡವರು ಜಗುಲಿಯ ಮೇಲೆ ಚೌಕಾಬಾರಾ ಆಡುತ್ತಿದ್ದರು. ನನ್ನ ಮಗಳು ಇಂಪನ ಹನ್ನೆರಡನೇ ವಯಸ್ಸಿಗೆ ಗಂಟೆಯ ಹುಡುಗಿಯಾದಳು. ಮೊದಲ ವರ್ಷ ಅವಳು ಇಪ್ಪತ್ತು ದಿನ ಬಾರಿಸಿದಳು. ಆಮೇಲೆ ಮೂವತ್ತೈದು. ಹೋದ ವರ್ಷ ಎಪ್ಪತ್ತೊಂದು. ದಿನಾ ಎಷ್ಟರವರೆಗೆ ಎಣಿಸಿದಳೆಂದು ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡುತ್ತಿದ್ದಳು. ಎಂಟು, ಏಳು, ಏಳು, ಆರು. ನಾನು ಅದನ್ನು ಓದಲಿಲ್ಲ. ಗಿರಾಕಿಗಳ ಬಾಯಿ ಮುಚ್ಚಿಸುವುದರಲ್ಲೇ ನನಗೆ ಸಾಕುಸಾಕಾಗಿತ್ತು. "ಏನ್ರೀ ನಿಮ್ಮ ಹುಡುಗಿ, ಕಾಲೇಜು ತಪ್ಪಿಸೋಕೆ ಒಳ್ಳೆ ದಾರಿ ಕಂಡ್ಕೊಂಡಿದ್ದಾಳೆ" ಎಂದು ಒಬ್ಬರು. "ನಮ್ಮ ಕಾಲದಲ್ಲಿ ನಾವು ಹಲ್ಲು ಕಚ್ಚಿ ಹತ್ತು ಎಣಿಸ್ತಿರ್ಲಿಲ್ವಾ? ಈಗಿನ ಮಕ್ಕಳಿಗೆ ತಡ್ಕೊಳೋ ಶಕ್ತೀನೇ ಇಲ್ಲ" ಎಂದು ಇನ್ನೊಬ್ಬರು. ನಾನೂ ಹೂಂಗುಟ್ಟುತ್ತಿದ್ದೆ. ಹೂಂಗುಟ್ಟದಿದ್ದರೆ ಬಟ್ಟೆ ಬೇರೆ ಅಂಗಡಿಗೆ ಹೋಗುತ್ತಿತ್ತು.

ಅವಳೋ, ಗಂಟೆ ಬಾರಿಸಿ ಸುಮ್ಮನಾಗುವ ಪೈಕಿಯಲ್ಲ. ದೊಡ್ಡ ರಸ್ತೆಯ ಹೊಂಗೆ ಮರಗಳನ್ನು ಅಗಲೀಕರಣಕ್ಕೆಂದು ಕಡಿದಾಗ ಊರಿನ ಒಬ್ಬ ದೊಡ್ಡವನೂ ಕೇಳಲಿಲ್ಲ, ನೆರಳು ಯಾರಿಗೆ ಬೇಕಾಗಿತ್ತು? ಇವಳು ಗೆಳೆಯರನ್ನು ಕಟ್ಟಿಕೊಂಡು ಹೋಗಿ ಮರ ತಬ್ಬಿ ನಿಂತು ಬೈಸಿಕೊಂಡು ಬಂದಳು. ಆಮೇಲೆ ನನ್ನ ಇದ್ದಿಲಿನ ಮೇಲೆ ಕಣ್ಣು ಬಿತ್ತು. "ಬರೀ ನಮ್ಮೂರಲ್ಲ ಕಣಮ್ಮಾ, ಇಡೀ ಭೂಮೀನೇ ಕಾಯ್ತಿದೆ. ನಾವು ಸುಟ್ಟಿದ್ದೆಲ್ಲ ಮೇಲೆ ಹೋಗಿ ಕಂಬಳಿ ಹೊದಿಸಿದ ಹಾಗೆ ಕೂತ್ಬಿಡುತ್ತೆ" ಎಂದಳು. "ನಿನ್ನ ಯೂನಿಫಾರಂಗೆ ಇಸ್ತ್ರಿ ಬೇಡ್ವೇನೇ ಹಾಗಾದ್ರೆ?" ಎಂದೆ. ಬೇಡ ಎಂದಳು. ಒಂದು ತಿಂಗಳು ಮುದುಡಿದ ಯೂನಿಫಾರಂ ಹಾಕಿಕೊಂಡೇ ಕಾಲೇಜಿಗೆ ಹೋದಳು. ಇಸ್ತ್ರಿ ಅಂಗಡಿಯವಳ ಮಗಳು ಹಸು ಜಗಿದು ಉಗುಳಿದಂಥ ಬಟ್ಟೆ ತೊಟ್ಟು ಬೀದಿಯಲ್ಲಿ ನಡೆದರೆ ನನ್ನ ಮುಖ ಎಲ್ಲಿಡಲಿ? ಕೊನೆಗೆ ಸೋತು ಕರೆಂಟಿನ ಪೆಟ್ಟಿಗೆ ತಂದೆ. ಕರೆಂಟೂ ಕಲ್ಲಿದ್ದಲು ಸುಟ್ಟೇ ಬರುತ್ತದೆಂದು ಆಮೇಲೆ ಹೇಳಿದಳು. ಇಂಥವಳ ಜೊತೆ ಹೇಗೆ ಬಾಳುವುದು ಹೇಳಿ.

ಈ ವರ್ಷ ಜನವರಿಯಲ್ಲೇ ಆರಕ್ಕೆ ಜಿಗಿದಳು. ಊರಿನ ಎಲ್ಲ ಬೀದಿಗಳಲ್ಲೂ ಗಂಟೆಯೋ ಗಂಟೆ. ಪುರಸಭೆಯ ಅಧ್ಯಕ್ಷರಾದ ಗುರುಪಾದಪ್ಪನವರು ತುರ್ತು ಸಭೆ ಕರೆದರು. ಬಿಸಿ ನಿಜವಾಗಿ ಇದೆಯೋ, ಮಕ್ಕಳು ನಾಟಕ ಆಡುತ್ತಿದ್ದಾರೋ ಎಂದು ಖುದ್ದಾಗಿ ಪರಿಶೀಲಿಸಬೇಕೆಂದು ತೀರ್ಮಾನವಾಯಿತು. ಹನ್ನೊಂದು ಜನ ಸದಸ್ಯರು ಬಿಳಿ ಪಂಚೆ ಎತ್ತಿಕೊಂಡು, ಚಪ್ಪಲಿ ಕಳಚಿ, ನಮ್ಮ ಬೀದಿಯ ಕಲ್ಲಿನ ಮೇಲೆ ಒಬ್ಬರಾದ ಮೇಲೊಬ್ಬರು ನಿಂತರು. ಎಲ್ಲರೂ ನೂರರವರೆಗೆ ಎಣಿಸಿದರು. ಗುರುಪಾದಪ್ಪನವರು ಇನ್ನೂರರವರೆಗೆ ಎಣಿಸಿ, ಕೆಳಗಿಳಿದು, "ನೋಡಮ್ಮಾ ವಿಶಾಲಾಕ್ಷಿ, ಎಲ್ಲಿದೆ ಬಿಸಿ? ತಂಪಾಗಿದೆ ಕಲ್ಲು" ಎಂದು ನನಗೇ ಹೇಳಿದರು. ವರದಿಗೆ ಸಹಿ ಬಿತ್ತು. ಮಾರನೆಯ ದಿನದಿಂದ ಹನ್ನೊಂದೂ ಜನ ಕುಂಟುತ್ತಿದ್ದರು. ಅಂಗಾಲಿನ ಚರ್ಮವೆಲ್ಲ ಎದ್ದುಬಂದಿತ್ತು. ಹೊಸ ಚಪ್ಪಲಿ ಕಚ್ಚಿತು ಎಂದು ಹದಿನೈದು ದಿನ ಹೇಳಿಕೊಂಡು ತಿರುಗಿದರು. ಹನ್ನೊಂದು ಜನಕ್ಕೂ ಒಂದೇ ದಿನ ಹೊಸ ಚಪ್ಪಲಿ! ಯಾರೂ ನಗಲಿಲ್ಲ, ಮಕ್ಕಳನ್ನು ಬಿಟ್ಟು.

ಆ ವರದಿಯ ಮೇಲೆ ಹೊಸ ನಿಯಮ ಬಂತು. ಹಿಂದಿನಿಂದ ನಡೆದುಬಂದ ಪದ್ಧತಿಯಂತೆ ವರ್ಷಕ್ಕೆ ಹತ್ತೇ ಗಂಟೆ. ಮಕ್ಕಳು ಬೇಕಾದಾಗ ಬಾರಿಸಿಕೊಳ್ಳಲಿ, ಆದರೆ ಹತ್ತು ಮೀರಬಾರದು. ಇಂಪನಳ ಹತ್ತು ಗಂಟೆ ಫೆಬ್ರವರಿ ಮುಗಿಯುವುದರೊಳಗೆ ಮುಗಿದವು. ಪುರಸಭೆಯವನು ಏಣಿ ತಂದು, ಕಂಬ ಹತ್ತಿ, ಗಂಟೆಯ ನಾಲಗೆ ಬಿಚ್ಚಿಕೊಂಡು ಹೋದ. ಅವತ್ತಿನಿಂದ ಹನ್ನೊಂದು ಗಂಟೆಗೆ ನನ್ನ ಮಗಳು ಅಡುಗೆಮನೆಯ ಊಟದ ತಟ್ಟೆಯನ್ನೂ ಸೌಟನ್ನೂ ಹಿಡಿದು ಮೂಲೆಗೆ ಬಂದಳು. ಎಣಿಸಿದಳು, ಜಿಗಿದಳು, ತಟ್ಟೆ ಬಡಿದಳು. ತಟ್ಟೆಗೆ ಆ ಹತ್ತರ ನಿಯಮ ಅನ್ವಯಿಸುವುದಿಲ್ಲ ಎಂದಳು. ಒಬ್ಬರೂ ನೆರಳಿಗೆ ಹೋಗಲಿಲ್ಲ. ಬೀದಿಯ ತುಂಬ ನಗು. ನನ್ನ ಅಡುಗೆಮನೆಯ ತಟ್ಟೆ ನಗ್ಗಿ ಹೋಯಿತು.

ಇದರ ಮಧ್ಯೆ ಒಂದು ಸಂಜೆ ಅವಳ ಗೆಳೆಯರಿಬ್ಬರು, ಲೋಹಿತ್ ಮತ್ತು ಸಬೀಹಾ, ನನ್ನ ಇಸ್ತ್ರಿ ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂತರು. ಕಾಲೇಜಿನಲ್ಲಿ ಎಲ್ಲರಿಗೂ ಒಂದು ಫಾರಂ ಕೊಟ್ಟಿದ್ದರಂತೆ. ಹವಾಮಾನ ಬದಲಾವಣೆಯ ಬಗ್ಗೆ ಹದಿಹರೆಯದವರ ತಿಳಿವಳಿಕೆ ಮತ್ತು ಮನೋಭಾವ. ಸರಿಯಾದುದಕ್ಕೆ ಗುರುತು ಹಾಕಿ. ನಿಮಗೆ ಈ ವಿಷಯ ಎಷ್ಟು ಗೊತ್ತು: ಚೆನ್ನಾಗಿ, ಸ್ವಲ್ಪ, ಗೊತ್ತಿಲ್ಲ. ಇದರಿಂದ ನಿಮಗೆ ಚಿಂತೆಯಾಗುತ್ತದೆಯೇ: ಬಹಳ, ಸ್ವಲ್ಪ, ಇಲ್ಲ. ಆ ಫಾರಂ ಬರೆದವರೂ ತಣಿದವರೇ ಇರಬೇಕು, ಸುಡುವ ಕಲ್ಲಿನ ಮೇಲೆ ನಿಂತವರನ್ನು ಕೂರಿಸಿ ನಿಮಗೆ ಬಿಸಿಯ ಬಗ್ಗೆ ಆಸಕ್ತಿಯಿದೆಯೇ ಎಂದು ಕೇಳುತ್ತಿದ್ದರು.

ಲೋಹಿತ್ 'ಸ್ವಲ್ಪ' ಎಂದು ಗುರುತು ಹಾಕಿದ. ಮೂರನೇ ಬೀದಿಯ ಗಂಟೆಯ ಹುಡುಗ ಅವನು. "ಯಾಕೋ ಸ್ವಲ್ಪ? ನಿನ್ನ ಅಂಗಾಲು ನೋಡ್ಕೊಂಡಿದ್ದೀಯಾ?" ಎಂದು ಇಂಪನ ರೇಗಿದಳು.

"ನಾನು ಶ್ರಾವಣಕ್ಕೆ ತಣೀತೀನಿ ಕಣೇ. ಇನ್ನು ನಾಲ್ಕೇ ತಿಂಗಳು ಹಲ್ಲು ಕಚ್ಕೊಂಡಿದ್ರೆ ಆಯ್ತು. ಆಮೇಲೆ ಇದ್ಯಾವುದೂ ನನಗೆ ಗೊತ್ತೇ ಆಗಲ್ಲ. ಗೊತ್ತಾಗದೇ ಇರೋದಕ್ಕೆ ಈಗ್ಯಾಕೆ ತಲೆ ಕೆಡಿಸ್ಕೋಬೇಕು?" ಎಂದ ಲೋಹಿತ್. ಬಾಯಲ್ಲಿ ಚ್ಯೂಯಿಂಗ್ ಗಮ್ ಬೇರೆ.

"ನಿನ್ನ ತಮ್ಮಂಗೆ ಗೊತ್ತಾಗುತ್ತಲ್ವಾ?"

"ಅವನೂ ತಣೀತಾನೆ ಬಿಡು."

ಸಬೀಹಾ ಫಾರಂ ಮಡಚಿ ಬೀಸಣಿಗೆ ಮಾಡಿಕೊಂಡು ಬೀಸಿಕೊಳ್ಳುತ್ತಿದ್ದಳು. "ನಾನಂತೂ ಮಕ್ಕಳನ್ನೇ ಹೆರಲ್ಲ ಆಂಟಿ. ಹೆತ್ತು ಆ ಕಲ್ಲಿನ ಮೇಲೆ ನಿಲ್ಸೋಕಾ?" ಎಂದು ನನಗೆ ಹೇಳಿದಳು. ಹದಿನೇಳು ವರ್ಷದ ಹುಡುಗಿ ಆಡುವ ಮಾತೇ ಅದು? "ಓದಿ ಬರೀರಿ ಮೊದಲು, ಮಕ್ಕಳ ಮಾತು ಆಮೇಲೆ" ಎಂದು ಗದರಿದೆ. ನಿಜ ಹೇಳಬೇಕೆಂದರೆ ಮೂವರೂ ಸೇರಿ ನನ್ನ ತಲೆ ತಿನ್ನುತ್ತಿದ್ದರು. ಒಬ್ಬನಿಗೆ ಯಾವುದೂ ಬೇಡ, ಒಬ್ಬಳಿಗೆ ಎಲ್ಲವೂ ಮುಗಿದುಹೋಗಿದೆ, ನನ್ನ ಮಗಳಿಗೆ ಎಲ್ಲವನ್ನೂ ಇವತ್ತೇ ಸರಿಮಾಡಬೇಕು. ಕೊನೆಯ ಪ್ರಶ್ನೆ, ಈ ವಿಷಯವನ್ನು ಪೋಷಕರೊಂದಿಗೆ ಚರ್ಚಿಸುತ್ತೀರಾ ಎಂದಿತ್ತು. ಇಂಪನ ಯಾವುದಕ್ಕೂ ಗುರುತು ಹಾಕದೆ ಪಕ್ಕದ ಖಾಲಿ ಜಾಗದಲ್ಲಿ, 'ನಾವು ಚರ್ಚಿಸುತ್ತೇವೆ, ಅವರು ಇಸ್ತ್ರಿ ಮಾಡುತ್ತಾರೆ' ಎಂದು ಬರೆದಳು. ನಾನು ನೋಡಲಿ ಎಂದೇ ದೊಡ್ಡ ಅಕ್ಷರದಲ್ಲಿ ಬರೆದಿದ್ದಳು.

ಮಾರ್ಚ್ ಕೊನೆಯ ವಾರದಲ್ಲಿ ಒಂದು ದಿನ ಅವಳು ಎರಡಕ್ಕೇ ಜಿಗಿದಳು. ಹಿಂದೆಂದೂ ಎರಡಕ್ಕೆ ಜಿಗಿದಿರಲಿಲ್ಲ. ತಟ್ಟೆ ಬಡಿಯುತ್ತಾ ಬೀದಿಯ ಉದ್ದಕ್ಕೂ ಓಡಿದಳು, ಮನೆ ಮನೆ ಬಾಗಿಲಿಗೂ ಹೋಗಿ ಬಡಿದಳು. ನಮ್ಮ ಯಜಮಾನರು ಆಗಷ್ಟೇ ಕೈಗಾಡಿಯಲ್ಲಿ ಇಸ್ತ್ರಿ ಬಟ್ಟೆ ಜೋಡಿಸಿಕೊಂಡು ದೊಡ್ಡ ರಸ್ತೆಯ ಲಾಡ್ಜಿಗೆ ಹೊರಟಿದ್ದರು. ಲಾಡ್ಜಿನವನು ಮದುವೆ ದಿಬ್ಬಣ ಬಂದಿದೆ, ಹನ್ನೆರಡರೊಳಗೆ ಬಟ್ಟೆ ಬೇಕು ಎಂದಿದ್ದ. ಇವಳು ಗಾಡಿಗೆ ಅಡ್ಡ ನಿಂತು, "ಅಪ್ಪಾ, ಇವತ್ತು ಬೇಡಪ್ಪಾ, ದಮ್ಮಯ್ಯ" ಎಂದಳು. ಅವರು ನನ್ನ ಮುಖ ನೋಡಿದರು. ನಾನು ಅಂಗಡಿಯಿಂದ ಇಳಿದು ಬಂದು ಅವಳ ಕೈಯಿಂದ ತಟ್ಟೆ ಕಿತ್ತುಕೊಂಡೆ. "ಬೀದೀಲಿ ನಿಂತು ಮಾನ ಕಳೀಬೇಡ. ಎಲ್ಲರೂ ನೋಡ್ತಿದ್ದಾರೆ. ಅಂಥಾ ಬಿಸಿ ಏನಿದೆ? ಎಲ್ಲರೂ ಆರಾಮಾಗೇ ಓಡಾಡ್ತಿಲ್ವಾ?" ಎಂದೆ. ಅವಳು ನನ್ನ ಕೈಯಲ್ಲಿದ್ದ ತಟ್ಟೆಯನ್ನೇ ನೋಡುತ್ತಾ ಪಕ್ಕಕ್ಕೆ ಸರಿದಳು. ಗಾಡಿ ಹೋಯಿತು.

ಅವರು ಬಿದ್ದದ್ದು ದೊಡ್ಡ ರಸ್ತೆಯಲ್ಲಿ, ಹೊಂಗೆ ಮರಗಳ ಬೊಡ್ಡೆಗಳು ಉಳಿದಿರುವ ಕಡೆ. ಬೀಳುವ ತನಕ ಏನೂ ಗೊತ್ತಾಗಲಿಲ್ಲವಂತೆ, ಬಾಯಾರಿಕೆಯೂ ಆಗಲಿಲ್ಲವಂತೆ. ಬಿದ್ದವರ ಸುತ್ತ ದೊಡ್ಡವರು ಗುಂಪು ಕಟ್ಟಿ ನಿಂತು, ಫಿಟ್ಸ್ ಇರಬೇಕು, ಬೀಗದ ಕೈ ಹಿಡಿಸಿ, ಈರುಳ್ಳಿ ಮೂಸಿಸಿ ಎಂದು ಬಿಸಿಲಲ್ಲೇ ಚರ್ಚೆ ಮಾಡುತ್ತಿದ್ದರಂತೆ. ಆ ದಾರಿಯಲ್ಲಿ ಬಂದವನು ಲೋಹಿತ್, ಯಾವುದಕ್ಕೂ ತಲೆ ಕೆಡಿಸಿಕೊಳ್ಳುವುದಿಲ್ಲ ಎಂದಿದ್ದ ಅದೇ ಹುಡುಗ. ಗುಂಪನ್ನು ತಳ್ಳಿ ಒಳಗೆ ನುಗ್ಗಿ, ಅವರ ಹಣೆ ಮುಟ್ಟಿ ನೋಡಿ, ಐಸ್‌ಕ್ಯಾಂಡಿ ಗಾಡಿಯವನ ಡಬ್ಬ ತೆರೆಸಿ ಅದರಲ್ಲಿದ್ದ ಐಸನ್ನೆಲ್ಲ ಅವರ ಕಂಕುಳಿಗೂ ಕತ್ತಿಗೂ ಒತ್ತಿಟ್ಟನಂತೆ. ಮದುವೆ ದಿಬ್ಬಣದ ಬಿಳಿ ಅಂಗಿಗಳನ್ನು ನೀರಿನಲ್ಲಿ ಅದ್ದಿ ಮೈಗೆ ಸುತ್ತಿದನಂತೆ. ನಾನು ಓಡಿ ಹೋಗುವ ಹೊತ್ತಿಗೆ ಅವರನ್ನು ಆಟೋದಲ್ಲಿ ಹಾಕಿದ್ದರು. ಲೋಹಿತ್ ರಸ್ತೆಯ ಬದಿಯಲ್ಲಿ ಕೂತು, ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಅಳುತ್ತಿದ್ದ. "ಅವರ ಮೈ ಕಲ್ಲಿನ ಹಾಗಿತ್ತು ಆಂಟಿ, ಮುಟ್ಟೋಕಾಗ್ತಿರ್ಲಿಲ್ಲ" ಎಂದ.

ಬದುಕಿದರು. ಎಂಟು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಆದರೆ ಮೊದಲಿನ ಹಾಗೆ ಬರಲಿಲ್ಲ. ಇನ್ನೂರು ಮನೆಗಳ ಬಟ್ಟೆ ಒಂದೇ ಗಂಟಿನಲ್ಲಿ ಬಂದರೂ ಯಾವ ಅಂಗಿ ಯಾರದೆಂದು ಕಾಲರು ನೋಡಿ ಹೇಳುತ್ತಿದ್ದ ಮನುಷ್ಯ, ಈಗ ಒಂದು ಅಂಗಿ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡುತ್ತಾರೆ. "ಇದು ಯಾರದೇ?" ಎಂದು ಮೆಲ್ಲಗೆ ಕೇಳುತ್ತಾರೆ. ಒಂದು ದಿನ ತಮ್ಮದೇ ಅಂಗಿ ಹಿಡಿದು ಹಾಗೆ ಕೇಳಿದರು. ಅವತ್ತು ಒಳಗೆ ಹೋಗಿ, ನಗ್ಗಿದ ತಟ್ಟೆಯನ್ನು ಎದೆಗೊತ್ತಿಕೊಂಡು ಅತ್ತೆ. ಗಾಡಿ ಹೋಗಲಿ ಎಂದವಳು ನಾನೇ.

ಇಂಪನ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಸಲೀಸಾಗಿರುತ್ತಿತ್ತು. ಏಪ್ರಿಲ್ ಒಂಬತ್ತರ ಗುರುವಾರ ಅವಳಿಗೆ ಹದಿನೆಂಟು ತುಂಬುವುದಿತ್ತು. ಅದಕ್ಕೆ ನಾಲ್ಕು ದಿನ ಮೊದಲು, ಬೆಳಿಗ್ಗೆ ಇಸ್ತ್ರಿ ಮೇಜಿನ ಹತ್ತಿರ ಬಂದು ನಿಂತಳು. ಕೈಯಲ್ಲಿ ನೋಟ್‌ಬುಕ್ಕು, ಜೊತೆಗೊಂದು ಪೊಟ್ಟಣ ಮೇಣದಬತ್ತಿ.

"ಅಮ್ಮಾ, ಒಂದು ಮಾತು ಕೊಡ್ತೀಯಾ?"

"ಏನು ಹೇಳು."

"ಗುರುವಾರ ಆದ್ಮೇಲೆ ನಾನು ಬಿಸಿ ಇಲ್ಲ ಅಂತೀನಿ."

"ನೀನಾ? ನೀನು ಹಾಗಂದ್ರೆ ಊರು ಮುಳುಗಿಹೋದೀತು" ಎಂದು ನಗಲು ನೋಡಿದೆ.

ಅವಳು ನಗಲಿಲ್ಲ. "ಅಂತೀನಮ್ಮಾ. ಎಲ್ಲರೂ ಅಂತಾರೆ. ಹೋದ ವರ್ಷ ನಮಗಿಂತ ಮುಂದಿದ್ದ ಅಕ್ಕಂದಿರು ನಮ್ಮ ಜೊತೇಲೇ ಮರ ತಬ್ಕೊಂಡು ನಿಂತಿದ್ರು. ತಣಿದ ಮಾರನೇ ದಿನ, 'ಅಷ್ಟೇನಿಲ್ಲ ಬಿಡ್ರೇ, ನೀವು ಜಾಸ್ತಿ ಮಾಡ್ತೀರಿ' ಅಂದ್ರು. ಸುಳ್ಳು ಹೇಳ್ತಿರ್ಲಿಲ್ಲ ಅವರು. ಅವರಿಗೆ ನಿಜವಾಗ್ಲೂ ಹಾಗೇ ಅನ್ನಿಸಿತ್ತು. ನಿನಗೆ ನೆನಪಿದೆಯಾ, ಕಲ್ಲು ಹೇಗೆ ಸುಡ್ತಿತ್ತು ಅಂತ?"

ನೆನಪು ಮಾಡಿಕೊಳ್ಳಲು ನೋಡಿದೆ. ಕಲ್ಲು ನೆನಪಿತ್ತು, ಜಿಗಿದದ್ದು ನೆನಪಿತ್ತು, ಗಂಟೆಯ ಹಗ್ಗ ನೆನಪಿತ್ತು. ಸುಟ್ಟದ್ದು ಮಾತ್ರ ನೆನಪಿಗೆ ಬರಲಿಲ್ಲ. ಉಪ್ಪು ಎನ್ನುವ ಹೆಸರು ಉಳಿದು ಅದರ ರುಚಿ ಮರೆತುಹೋದ ಹಾಗಿತ್ತು. "ಇಲ್ಲ" ಎಂದೆ.

"ಅದಕ್ಕೇ" ಎಂದು ಅವಳು ಒಂದು ಮೇಣದಬತ್ತಿ ತೆಗೆದು, ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಬಿಸಿಲಿಗೆ ನೆಟ್ಟಗೆ ನಿಲ್ಲಿಸಿದಳು. "ನಾನು ಒಂದು ತಿಂಗಳಿಂದ ನೋಡಿದ್ದೀನಿ. ನಾನು ನಾಲ್ಕರ ಒಳಗೆ ಜಿಗಿಯೋ ದಿನ ಎಲ್ಲ ಇದು ಬಾಗುತ್ತೆ. ಒಂದು ದಿನಾನೂ ತಪ್ಪಿಲ್ಲ. ಇದು ಬಾಗಿದ್ರೆ ನೀನು ತಟ್ಟೆ ಬಡಿ. ಯಾರು ಏನಂದ್ರೂ ಬಡಿ. ನಾನು ಬೇಡ ಅಂದ್ರೂ ಬಡಿ. ನಾನೇನಾದ್ರೂ ನಿನ್ನ ಕೈ ಹಿಡ್ಕೊಂಡ್ರೆ..." ಉಳಿದ ಪೊಟ್ಟಣವನ್ನು ನನ್ನ ಕೈಯಲ್ಲಿಟ್ಟಳು. "ನನ್ನ ಮಾತು ಕೇಳ್ಬೇಡ ಅಮ್ಮಾ."

ನನಗೆ ನನ್ನ ಮೇಲೇ ರೇಗಿಹೋಯಿತು. ಒಂದು ಮೇಣದಬತ್ತಿ! ಎಲ್ಲ ಅಂಗಡಿಯಲ್ಲೂ ಸಿಗುವ ಮೇಣದಬತ್ತಿ! ಬಿಸಿ ತಿಳಿಯುವುದಕ್ಕೆ ನಮಗೆ ಚರ್ಮ ಬೇಕಾಗಿರಲಿಲ್ಲ, ಕಣ್ಣಿದ್ದರೆ ಸಾಕಾಗಿತ್ತು. ಅದೇ ಆವೇಶದಲ್ಲಿ ಮಾರನೆಯ ದಿನ, ಕಟ್ಟೆಯ ಮೇಲೆ ಬಾಗಿದ್ದ ಮೇಣದಬತ್ತಿಯನ್ನು ಎತ್ತಿಕೊಂಡು ಪುರಸಭೆಗೆ ಹೋದೆ. ಗುರುಪಾದಪ್ಪನವರು ಅದನ್ನು ಮೇಜಿನ ಮೇಲಿಟ್ಟುಕೊಂಡು ತಿರುಗಿಸಿ ಮುರುಗಿಸಿ ನೋಡಿದರು. "ನಿಯಮದ ಪ್ರಕಾರ ಹನ್ನೆರಡರಿಂದ ಹದಿನೇಳು ವರ್ಷದವರು ಮಾತ್ರ ಬಿಸಿ ಹೇಳ್ಬಹುದು ಕಣಮ್ಮಾ. ಇದಕ್ಕೆ ವಯಸ್ಸೆಷ್ಟು?" ಎಂದರು. ತಮಾಷೆಗೆ ಕೇಳಿದರೆಂದು ಕಾದೆ. ತಮಾಷೆಯಾಗಿರಲಿಲ್ಲ. ಹದಿನೇಳು ವರ್ಷದವರು ಹೇಳಿದಾಗ ಅವರು ಮಕ್ಕಳು, ಮೇಣದಬತ್ತಿ ಹೇಳಿದಾಗ ಅದು ಮೇಣದಬತ್ತಿ. ಇನ್ನು ಇವರಿಗೆ ಯಾರು ಬಂದು ಹೇಳಬೇಕು?

ಗುರುವಾರ ಬಂತು. ಇಂಪನ ನಾನೇ ಇಸ್ತ್ರಿ ಮಾಡಿದ ಹಸಿರು ಲಂಗ ದಾವಣಿ ಉಟ್ಟಳು. ಈ ಸಲ ಇಸ್ತ್ರಿ ಬೇಡ ಎನ್ನಲಿಲ್ಲ. ಬೀದಿಯವರೆಲ್ಲ ಸೇರಿದರು. ಯಜಮಾನರನ್ನು ಕುರ್ಚಿ ಹಾಕಿ ಅಂಗಡಿಯ ಒಳಗೆ ಕೂರಿಸಿದೆ. ಲೋಹಿತ್ ಮತ್ತು ಸಬೀಹಾ ನನ್ನ ಪಕ್ಕದಲ್ಲಿ ನಿಂತರು. ಕಟ್ಟೆಯ ಮೇಲಿನ ಮೇಣದಬತ್ತಿ ಹತ್ತೂವರೆಗೇ ಬಾಗಿ ತಲೆ ನೆಲಕ್ಕೆ ಮುಟ್ಟಿಸಿತ್ತು. ನಾನು ಆವರೆಗೆ ಯಾವ ತಾಯಿಯೂ ಬೇಡದ್ದನ್ನು ಬೇಡಿಕೊಂಡೆ. ದೇವರೇ, ಇವಳು ಜಿಗಿಯಲಿ, ಎರಡಕ್ಕೇ ಜಿಗಿದು ಅಯ್ಯೋ ಎನ್ನಲಿ, ಬೀದಿ ನಕ್ಕರೂ ಪರವಾಗಿಲ್ಲ.

ಅವಳು ಕಣ್ಣು ಮುಚ್ಚಿ ಕಲ್ಲಿನ ಮೇಲೆ ಹೆಜ್ಜೆಯಿಟ್ಟಳು. ಒಂದು ಎಂದಳು. ಎರಡು ಎಂದಳು. ಮೂರಕ್ಕೆ ಅವಳ ಹುಬ್ಬು ಗಂಟಿಕ್ಕಿತು, ಅಭ್ಯಾಸದ ಮೇಲೆ ಹಿಮ್ಮಡಿ ಎತ್ತಿದಳು. ಆಮೇಲೆ ಹಿಮ್ಮಡಿ ಇಳಿಯಿತು. ನಾಲ್ಕು, ಐದು, ಆರು. ಅವಳ ಮುಖ ಸಡಿಲವಾಯಿತು. ಆರು ವರ್ಷದಿಂದ ನಾನು ಆ ಮುಖವನ್ನು ಅಷ್ಟು ಹಗುರವಾಗಿ ಕಂಡಿರಲಿಲ್ಲ. ಹತ್ತು ಎಂದು ಕಣ್ಣು ಬಿಟ್ಟು, ನಕ್ಕು, ಸುಮ್ಮನೆ ಖುಷಿಗೆ ಇಪ್ಪತ್ತರವರೆಗೂ ಎಣಿಸಿದಳು. ಚಪ್ಪಾಳೆ ಬಿತ್ತು. ಸಬೀಹಾ ತಲೆ ತಗ್ಗಿಸಿ ಹೊರಟುಹೋದಳು. ನಾನು ಮೈಸೂರುಪಾಕು ಹಂಚಿದೆ. ಸಂಜೆ ಅವಳ ಅಂಗಾಲಿಗೆ ಮುಲಾಮು ಹಚ್ಚಿದೆ. "ಹೊಸ ಚಪ್ಪಲಿ ಕಚ್ಚಿರ್ಬೇಕು" ಎಂದಳು. ಅವತ್ತು ಅವಳು ಚಪ್ಪಲಿಯನ್ನೇ ಹಾಕಿರಲಿಲ್ಲ.

ಮೊದಲ ಎರಡು ದಿನ ಅವಳೇ ಮೇಣದಬತ್ತಿ ನೋಡಿ ನನಗೆ ಕೂಗಿ ಹೇಳಿದಳು. ಮೂರನೇ ದಿನ ನೋಡಿ ಸುಮ್ಮನಾದಳು. ನಾನು ಕೇಳಿದ್ದಕ್ಕೆ, "ಕಡಿಮೆ ಬೆಲೆಯ ಮೇಣ ಅಮ್ಮಾ, ಸುಮ್ಸುಮ್ನೆ ಬಾಗುತ್ತೆ" ಎಂದಳು. ನೋಟ್‌ಬುಕ್ಕು ಹಳೇ ಪೇಪರಿನ ಕಟ್ಟಿನಲ್ಲಿ ಸಿಕ್ಕಿತು. ತೆಗೆದು ನನ್ನ ಮೇಜಿನ ಖಾನೆಯಲ್ಲಿಟ್ಟುಕೊಂಡೆ.

ಸೋಮವಾರ ಹನ್ನೊಂದಕ್ಕೆ ಮೇಣದಬತ್ತಿ ಬಾಗಿತು. ನಮ್ಮ ಬೀದಿಗೆ ಹೊಸ ಗಂಟೆಯ ಮಗು ಇನ್ನೂ ನೇಮಕವಾಗಿರಲಿಲ್ಲ, ಗಂಟೆಗೆ ನಾಲಗೆಯೂ ಇರಲಿಲ್ಲ. ನಾನು ಪೆಟ್ಟಿಗೆ ಕೆಳಗಿಟ್ಟು, ತಟ್ಟೆ ಸೌಟು ತೆಗೆದುಕೊಂಡು ಮೂಲೆಗೆ ಹೋದೆ. ನಲವತ್ತಾರು ವರ್ಷದ ಹೆಂಗಸು ನಡುಬೀದಿಯಲ್ಲಿ ತಟ್ಟೆ ಬಡಿಯುವುದೆಂದರೆ ಏನೆಂದು ಬಡಿದವರಿಗೇ ಗೊತ್ತು. ಮೈಗೆ ಏನೂ ತಿಳಿಯುತ್ತಿರಲಿಲ್ಲ. ಹಿತವಾದ ಗಾಳಿ ಬೀಸುತ್ತಿದೆ ಎಂದೇ ಅನ್ನಿಸುತ್ತಿತ್ತು. ಇಡೀ ಮೈ ನನಗೆ ಸುಳ್ಳು ಹೇಳುತ್ತಿತ್ತು, ನಾನು ಅದನ್ನು ಬೈದುಕೊಳ್ಳುತ್ತಲೇ ಬಡಿದೆ. ಎದುರು ಮನೆಯವರು ಕಿಟಕಿಯಿಂದ ಇಣುಕಿ ನಕ್ಕರು. ನಮ್ಮ ಯಜಮಾನರೊಬ್ಬರು ಮಾತ್ರ, ಕೈಯಲ್ಲಿದ್ದ ಅಂಗಿ ಬಿಟ್ಟು, ಎದ್ದು ನಿಧಾನವಾಗಿ ಒಳಕೋಣೆಯ ನೆರಳಿಗೆ ಹೋಗಿ ಕೂತರು.

ಅಷ್ಟರಲ್ಲಿ ಇಂಪನ ಮನೆಯಿಂದ ಓಡಿ ಬಂದಳು. ಮುಖವೆಲ್ಲ ಕೆಂಪಾಗಿತ್ತು, ಕುತ್ತಿಗೆಯಿಂದ ಬೆವರು ಹರಿದು ರವಿಕೆ ಒದ್ದೆಯಾಗಿತ್ತು. ಅವಳಿಗೆ ಅದು ಗೊತ್ತೇ ಇರಲಿಲ್ಲ.

"ಅಮ್ಮಾ, ಏನಮ್ಮಾ ಇದು? ಬೀದೀಲಿ ನಿಂತು ಮಾನ ಕಳೀಬೇಡ" ಎಂದಳು. ನನ್ನದೇ ಮಾತು, ನನ್ನದೇ ದನಿ. "ಎಲ್ಲರೂ ನೋಡ್ತಿದ್ದಾರೆ. ಅಂಥಾ ಬಿಸಿ ಏನಿದೆ?"

ನಾನು ಬಡಿಯುವುದನ್ನು ನಿಲ್ಲಿಸಲಿಲ್ಲ. ಅವಳು ನನ್ನ ಕೈ ಹಿಡಿದಳು. ಬಿಡಿಸಿಕೊಂಡು ಮತ್ತೆ ಬಡಿದೆ. ಅವಳಿಗೆ ಸಿಟ್ಟು ನೆತ್ತಿಗೇರಿತು. ಚಪ್ಪಲಿ ಕಳಚಿ ಎಸೆದು ಕಲ್ಲಿನ ಮೇಲೆ ಹತ್ತಿ ನಿಂತಳು. ಅಂಗಾಲಿನ ಹಳೆಯ ಬೊಬ್ಬೆಗಳೇ ಇನ್ನೂ ಮಾಸಿರಲಿಲ್ಲ. "ನೋಡು, ನಾನೇ ನಿಂತಿದ್ದೀನಲ್ಲ. ಎಣಿಸ್ತೀನಿ ನೋಡು. ಒಂದು, ಎರಡು, ಮೂರು..." ಬೀದಿಯವರು ಅವಳ ಜೊತೆ ಸೇರಿ ಎಣಿಸತೊಡಗಿದರು. ನಾಲ್ಕು, ಐದು.

ತಟ್ಟೆ ಸೌಟು ಎರಡನ್ನೂ ನೆಲಕ್ಕೆ ಬಿಸಾಕಿದೆ. ಹತ್ತಿರ ಹೋಗಿ, ಹುಟ್ಟುಹಬ್ಬಕ್ಕೆ ನಾನೇ ಹೆಣೆದಿದ್ದ ಅವಳ ಉದ್ದ ಜಡೆಯನ್ನು ಮುಷ್ಟಿಗೆ ಸುತ್ತಿ ಹಿಡಿದು ಕಲ್ಲಿನಿಂದ ಕೆಳಗೆ ಎಳೆದೆ. ಕಿರುಚಿದಳು. ಬಿಡಲಿಲ್ಲ. ಹದಿನೆಂಟು ತುಂಬಿದ ಮಗಳನ್ನು ಇಡೀ ಬೀದಿಯ ಕಣ್ಣೆದುರು ದರದರ ಎಳೆದುಕೊಂಡು ಹೋಗಿ ಒಳಕೋಣೆಗೆ ನೂಕಿ, ಅವಳ ಅಪ್ಪನ ಪಕ್ಕದಲ್ಲಿ ಕೂರಿಸಿ, ತಲೆಯ ಮೇಲೆ ಒಂದು ಚೊಂಬು ನೀರು ಸುರಿದೆ.

"ಹುಚ್ಚು ಹಿಡಿದಿದೆಯಾ ನಿನಗೆ? ಯಾರ ಮಾತು ಕೇಳ್ಕೊಂಡು ಹೀಗೆಲ್ಲ ಆಡ್ತಿದ್ದೀಯಾ?" ಎಂದಳು ಅಳುತ್ತಾ.

"ನಿನ್ನ ಮಾತೇ ಕಣೇ" ಎಂದೆ. "ಹೋದ ವಾರದ್ದು."